ಔಷಧ ಹೊಡೆಯುವ ಟ್ರ್ಯಾಕ್ಟರಿನ ಬೆಂಕಿ ಪಡೆ

ಅಥಣಿ ಭಾಗಕ್ಕೆ ನಾನು ಅಗ್ನಿಶಾಮಕ ಠಾಣಾಧಿಕಾರಿಯಾಗಿ ಬಂದಾಗ ನಿವೃತ್ತಿಗೆ ನಾಲ್ಕು ವರ್ಷ ಉಳಿದಿತ್ತು. ಮೈ ಆಗಲೇ ದಣಿದಿತ್ತು. ಠಾಣೆಗಿದ್ದ ಒಂದೇ ಗಾಡಿ ಒಂದು ದಿಕ್ಕಿಗೆ ಹೋದರೆ ಇನ್ನೊಂದು ದಿಕ್ಕಿನವರು ಕಾಯಬೇಕಿತ್ತು.

ಕೃಷ್ಣಾ ದಂಡೆಯ ಒಂದು ಊರಿನವರು ಹಾಗೆ ಕಾದು ಬೇಸತ್ತು ತಾವೇ ಒಂದು ಪಡೆ ಕಟ್ಟಿಕೊಂಡಿದ್ದರು. ಬಣವೆಗೆ ಬೆಂಕಿ ಬಿದ್ದು ಪಕ್ಕದಲ್ಲಿ ಕಟ್ಟಿದ್ದ ಎಮ್ಮೆಗಳೂ ಸುಟ್ಟುಹೋದ ವರ್ಷ ಅದು ಹುಟ್ಟಿತಂತೆ. ಮುಖಂಡ ಅಣ್ಣಾಸಾಹೇಬ, ಕಬ್ಬು, ದ್ರಾಕ್ಷಿ, ಮನೆಮಟ್ಟಿಗೆ ಜೋಳ ಬೆಳೆಯುವ ಜೈನ ರೈತ. ದ್ರಾಕ್ಷಿಗೆ ಔಷಧ ಹೊಡೆಯುವ, ಟ್ಯಾಂಕು, ಪಂಪು, ದೊಡ್ಡ ಫ್ಯಾನು ಇರುವ ಟ್ರ್ಯಾಕ್ಟರ್ ಬ್ಲೋವರ್‌ಗಳೇ ಅವರ ಫೈರ್ ಎಂಜಿನ್. ಫ್ಯಾನ್ ಬಂದ್ ಮಾಡಿ ಪಂಪಿನ ಪೈಪು ಮಾತ್ರ ಬಳಸಬೇಕು, ಗಾಳಿ ಬಿಟ್ಟರೆ ಬೆಂಕಿಗೇ ಬಲ ಎಂದು ನಾನು ಕಲಿಸಿದ್ದೆ. ಮೊದಮೊದಲು ತರಬೇತಿಗೆ ಊರೇ ನೆರೆಯುತ್ತಿತ್ತು. ಬರಬರುತ್ತ ಐದಾರು ಮಂದಿ ಉಳಿದರು.

ಕಬ್ಬು ಕಟಾವು ಮುಗಿಯುತ್ತ ಬಂದಿದ್ದ ಒಂದು ಮಧ್ಯಾಹ್ನ ಆ ಊರಿನಿಂದ ಕರೆ ಬಂತು. ನಮ್ಮ ಗಾಡಿ ತೆಲಸಂಗದ ಕಡೆ ಬಣವೆ ಆರಿಸುತ್ತಿತ್ತು. ಅದಕ್ಕೆ ಸುದ್ದಿ ಮುಟ್ಟಿಸಿ ನಾನು ಮೋಟಾರ್ ಸೈಕಲ್ ಹತ್ತಿದೆ.

ಹೋಗಿ ನೋಡಿದರೆ ಕಬ್ಬು ಉರಿಯುತ್ತಿತ್ತು, ಬ್ಲೋವರ್‌ಗಳ ನೀರು ತೀರಿತ್ತು. ಕಬ್ಬಿನಾಚೆ ಕೊಯ್ಲಿಗೆ ಬಂದ ಒಣ ಜೋಳ, ಅದರಾಚೆ ಮಹಾರಾಷ್ಟ್ರದಿಂದ ಬಂದ ಕಬ್ಬು ಕಡಿಯುವವರ ಗುಡಿಸಲುಗಳು. ದುಡಿಯುವವರೆಲ್ಲ ದೂರದ ಹೊಲದಲ್ಲಿದ್ದರು. ಒಳಗಿದ್ದವರು ಮುದುಕರು, ಮಕ್ಕಳು, ಒಬ್ಬ ಹಸಿ ಬಾಣಂತಿ. ಊರಿನ ಹೆಂಗಸರು ಅವರನ್ನು ಹೊರತರುತ್ತಿದ್ದರು. ಗಾಳಿ ಮಾತ್ರ ಅತ್ತಲೇ ಬೀಸುತ್ತಿತ್ತು.

ಉಳಿದ ದಾರಿ ಒಂದೇ, ಫೈರ್ ಲೈನ್. ಅಂದರೆ ಬೆಂಕಿಗೆ ಸುಡಲು ಏನೂ ಸಿಗದಂತೆ ನಡುವಿನ ಜೋಳ ಕೆಡವಿ ನೆಲ ತೆರವು ಮಾಡುವುದು. ಬೆಳೆ, ಮಣ್ಣು ಎರಡನ್ನೂ ಕೊಚ್ಚುವ ರೋಟಾವೇಟರ್ ಹೂಡಿದ ಟ್ರ್ಯಾಕ್ಟರ್ ಮೇಲೆ ಅಣ್ಣಾಸಾಹೇಬ ಕೂತಿದ್ದ, ಕದಲಲಿಲ್ಲ. ಆ ಜೋಳ ತೀರಿಹೋದ ಅವನ ಅಣ್ಣನ ಹೆಂಡತಿ ಪದ್ಮವ್ವನದು. ಅವಳ ಮನೆಯ ವರ್ಷದ ರೊಟ್ಟಿ ಅದರಲ್ಲಿತ್ತು. ಅವಳು ಬದುವಿನ ಮೇಲೆ ನಿಂತಿದ್ದಳು.

"ವೈನಿ..." ಎಂದ ಅಣ್ಣಾಸಾಹೇಬ, ಅತ್ತಿಗೆಯ ಮುಖ ನೋಡುತ್ತ.

"ನನ್ನ ಮಾರಿ ಏನ್ ನೋಡ್ತೀ? ಟ್ರ್ಯಾಕ್ಟರ್ ಇಳಸು," ಎಂದಳು ಪದ್ಮವ್ವ.

ಅವನು ಇಳಿಸಿದ. ತೆನೆ ಹೊತ್ತ ಜೋಳವನ್ನು ಮಣ್ಣಿಗೆ ತುಳಿಯುತ್ತ ಹೊಗೆಯೊಳಗೆ ಹೋಗಿ ಬಂದ, ಮತ್ತೆ ಹೋದ. ನಾವು ಉಳಿದವರು ಬೇವಿನ ಹಸಿ ತೊಪ್ಪಲಿನ ಟೊಂಗೆ ಹಿಡಿದು, ಹಾರಿ ಬಂದ ಕಿಡಿಗಳನ್ನು ಬಡಿದೆವು. ಅರ್ಧ ಜೋಳ ಸುಟ್ಟಿತು, ಅರ್ಧ ಮಣ್ಣಾಯಿತು. ಗುಡಿಸಲುಗಳು ಉಳಿದವು. ನಮ್ಮ ಗಾಡಿ ಬಂದಾಗ ಬೂದಿಗೆ ನೀರು ಹೊಡೆಯುವ ಕೆಲಸವಷ್ಟೇ ಬಾಕಿಯಿತ್ತು.

ಹುಬ್ಬು ಸುಟ್ಟುಕೊಂಡಿದ್ದ ಅಣ್ಣಾಸಾಹೇಬ ಬದುವಿನ ಮೇಲೆ ಕುಸಿದು ಕೂತ. "ಸಾಹೇಬ್ರ, ಇನ್ನ ನಮ್ಮ ಕೈಲೆ ಆಗೂದಿಲ್ರಿ. ಇವತ್ತಿಗೆ ಬಿಟ್ಟೆ," ಎಂದ. ನಾನು ಒತ್ತಾಯಿಸಲಿಲ್ಲ. ಆ ಮಾತು ಎಷ್ಟೋ ಸಲ ನನ್ನ ಬಾಯಿಗೂ ಬಂದಿತ್ತು. ಆ ಸುಗ್ಗಿಯಲ್ಲಿ ತನ್ನ ಕಣದಿಂದ ಅವನು ವೈನಿಯ ಮನೆಗೆ ಜೋಳ ಹಾಕಿಸಿದನೆಂದು ಆಮೇಲೆ ಕೇಳಿದೆ. ತರಬೇತಿಗೆ ಮಾತ್ರ ಯಾರೂ ಬರಲಿಲ್ಲ.

ಮರುವರ್ಷ ಪಕ್ಕದ ಊರಿನಲ್ಲಿ ಒಣದ್ರಾಕ್ಷಿ ಶೆಡ್ಡಿಗೆ ಬೆಂಕಿ ಬಿತ್ತು. ನಾವು ಮುಟ್ಟುವಷ್ಟರಲ್ಲಿ ಅಣ್ಣಾಸಾಹೇಬನ ಬ್ಲೋವರ್ ಅಲ್ಲಿ ನಿಂತಿತ್ತು. ಅವನ ಬಟ್ಟೆಯೆಲ್ಲ ಮಸಿ.

"ಬಿಟ್ಟೀನಿ ಅಂದಿದ್ರಲ್ಲ?" ಎಂದೆ.

"ಬಿಟ್ಟೀನ್ರಿ. ಬೆಂಕಿ ಬಿಡಬೇಕಲ್ರಿ," ಎಂದ, ಪೈಪು ಸುತ್ತುತ್ತ.

ಉತ್ಸಾಹ ಇರುವವರಿಂದ ಪಡೆ ಹುಟ್ಟುತ್ತದೆ. ಅದನ್ನು ನಡೆಸುವವರು, ಸಾಕಾಗಿದೆ ಎಂದ ಮೇಲೂ ಎದ್ದು ಬರುವವರು. ನನ್ನ ನೌಕರಿ ಕಲಿಸಿದ್ದು ಇಷ್ಟೇ.