ಕಾಯದೆ ಹೋದ ಸಿಲ್ಚರ್ ವಿಮಾನ

ನನಗೆ ಸಿಟ್ಟು ಬರುವುದು ಕಡಿಮೆ. ಹಾಲು ಉಕ್ಕಿ ಒಲೆಯೆಲ್ಲ ರಾಡಿಯಾದರೂ ಬಟ್ಟೆ ತಂದು ಒರೆಸುತ್ತೇನೆಯೇ ಹೊರತು ಯಾರನ್ನೂ ಬಯ್ಯುವುದಿಲ್ಲ. ಆದರೆ ಹೋದ ವರ್ಷ ಮಗಳ ಪರೇಡ್ ತಪ್ಪಿದಾಗ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ನನಗಿಲ್ಲ.

ಮಗಳು ಅರೆಸೇನಾ ಪಡೆಗೆ ಆಯ್ಕೆಯಾಗಿ ಅಸ್ಸಾಮಿನ ಸಿಲ್ಚರ್ ಹತ್ತಿರ ತರಬೇತಿಯಲ್ಲಿದ್ದಳು. ಗುಂಡ್ಲುಪೇಟೆಯ ಕಾಲೇಜು ಮೈದಾನದಲ್ಲಿ ಎರಡು ವರ್ಷ ಬೆಳಿಗ್ಗೆ ಬೆಳಿಗ್ಗೆ ಓಡಿ ಗಿಟ್ಟಿಸಿಕೊಂಡ ಕೆಲಸ ಅದು. ಅವಳು ಓಡುವಾಗ ನಾನು ಪಕ್ಕದಲ್ಲಿ ಸ್ವೆಟರ್ ಹಾಕಿಕೊಂಡು ಕೂತು ಸುತ್ತು ಎಣಿಸುತ್ತಿದ್ದೆ. ತರಬೇತಿ ಮುಗಿಯುವ ದಿನ ದೊಡ್ಡ ಪರೇಡ್ ಇರುತ್ತದೆ. ಅದಾದ ಮೇಲೆ ಮಕ್ಕಳು ತಮ್ಮ ಟೋಪಿ ತೆಗೆದು ಅಪ್ಪ ಅಮ್ಮನ ತಲೆಗಿಟ್ಟು ಸೆಲ್ಯೂಟ್ ಹೊಡೆಯುತ್ತಾರಂತೆ. ಫೋನಿನಲ್ಲಿ ಅದನ್ನೇ ಹೇಳಿ ನಗುತ್ತಿದ್ದಳು: "ಅವ್ವ, ತುರುಬ್ನ ಕೆಳಕ್ ಕಟ್ಕೊಂಡ್ ಬಾ. ಟೋಪಿ ಕೂತ್ಕಬೇಕು."

ನಮ್ಮ ಯಜಮಾನರು ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕೆಂದು ಹೇಳುವವರು. ಮೈಸೂರಿಂದ ಬರುವ ಬಸ್ಸು ತಡವಾಯಿತು, ಅದರಲ್ಲಿ ತೆರಕಣಾಂಬಿಗೆ ಹೋಗುವವರು ನಾಲ್ಕು ಜನ ಇದ್ದಾರೆ ಅಂದರೆ ಆ ಕಂಡಕ್ಟರು ದಾರಿಯಿಂದಲೇ ಇವರಿಗೆ ಫೋನ್ ಮಾಡುತ್ತಾನೆ. ಇವರು ತೆರಕಣಾಂಬಿ ಬಸ್ಸನ್ನು ತಡೆದು ನಿಲ್ಲಿಸುತ್ತಾರೆ. ಒಳಗೆ ಕೂತವರು ಗೊಣಗುತ್ತಾರೆ, ಡ್ರೈವರು ಇನ್ನೊಂದು ಟೀ ಕುಡಿಯುತ್ತಾನೆ. ಆ ನಾಲ್ಕು ಜನ ಗಂಟು ಮೂಟೆ ಹೊತ್ತು ಓಡಿಬಂದು ಹತ್ತಿದ ಮೇಲೆಯೇ ಸೀಟಿ. ನಮ್ಮಲ್ಲಿ ಯಾರೂ ಎರಡು ಬಸ್ಸಿಗೆ ಒಂದೇ ಟಿಕೆಟ್ ಕೊಂಡವರಲ್ಲ. ಇಳಿದಲ್ಲಿ ಇನ್ನೊಂದು ತೆಗೆದುಕೊಂಡು ಹತ್ತುತ್ತೇವೆ, ಅಷ್ಟೇ.

ವಿಮಾನದ ಟಿಕೆಟ್ ಮಾಡಿಸಲು ಇಬ್ಬರೂ ಚಾಮರಾಜನಗರಕ್ಕೆ ಹೋದೆವು. ಕಚೇರಿಗಳ ಬೀದಿಯ ಒಂದು ಸಣ್ಣ ಅಂಗಡಿ. ಅಲ್ಲಿದ್ದವನು ಕಂಪ್ಯೂಟರ್ ತನ್ನ ಕಡೆಗೇ ತಿರುಗಿಸಿಕೊಂಡು, ಬೆಂಗಳೂರಿಂದ ಕಲ್ಕತ್ತಾಕ್ಕೆ ಒಂದು ಕಂಪನಿ, ಕಲ್ಕತ್ತಾದಿಂದ ಸಿಲ್ಚರ್‌ಗೆ ಬೇರೆ ಕಂಪನಿ, ಹೀಗೆ ಬೇರೆ ಬೇರೆ ಮಾಡಿದರೆ ಅಗ್ಗ ಎಂದ. ನಡುವೆ ಎಷ್ಟು ಹೊತ್ತಿದೆ ಎಂದು ಯಜಮಾನರು ಕೇಳಿದರು. ಎರಡೂಕಾಲು ಗಂಟೆ ಎಂದ. ಇವರು ನಕ್ಕುಬಿಟ್ಟರು. "ಎರಡೂಕಾಲು ಗಂಟೆಲಿ ನಾನು ಇಪ್ಪತ್ತು ಗಾಡಿ ಬುಡ್ತೀನಿ ಕಣಯ್ಯ, ಮಾಡು," ಅಂದರು. ಮೊದಲನೆಯದು ತಡವಾದರೆ ಏನು ಗತಿ ಎಂದು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಾವು ಕೇಳದಿರುವುದಕ್ಕೆ ಕಾರಣವಿತ್ತು. ಕಾಯುವುದು ಎಂದರೆ ಏನೆಂದು ನಮಗೆ ಗೊತ್ತು ಅಂದುಕೊಂಡಿದ್ದೆವು. ಅವನು ಹೇಳದಿರುವುದಕ್ಕೆ ಯಾವ ಕಾರಣ? ದಿನಾ ಅದೇ ಕೆಲಸ ಮಾಡುವವನು. ಮಗಳಿಗೆಂದು ಒಯ್ಯುವ ಹುಣಸೆ ತೊಕ್ಕಿನ ಡಬ್ಬ ಕೈಚೀಲದಲ್ಲಿ ಬಿಡುವುದಿಲ್ಲ, ಕೆಳಗೆ ಹಾಕುವ ಬ್ಯಾಗಿಗೆ ಸೇರಿಸಿ ಎಂದು ನೆನಪಿನಿಂದ ಹೇಳಿದವನು ಇದನ್ನು ಮಾತ್ರ ಹೇಳಲಿಲ್ಲ.

ಪರೇಡಿನ ಹಿಂದಿನ ದಿನ ಹೊರಟೆವು. ಬೆಂಗಳೂರಿನಲ್ಲಿ ವಿಮಾನ ಹತ್ತಿ, ಬೆಲ್ಟು ಕಟ್ಟಿಕೊಂಡು ಕೂತ ಮೇಲೆ ಅದು ಕದಲಲೇ ಇಲ್ಲ. ಏನೋ ರಿಪೇರಿಯಂತೆ. ಒಂದೂವರೆ ಗಂಟೆ ಕೂತೆವು. ನಾನು ಗಡಿಯಾರ ನೋಡುತ್ತಿದ್ದೆ. ಯಜಮಾನರು ನಿರಾಳವಾಗಿದ್ದರು. ನೀರು ಕೊಡಲು ಬಂದ ಹುಡುಗಿಯನ್ನು ನಿಲ್ಲಿಸಿ, ತಮಗೆ ಬರುವ ಹಿಂದಿಯಲ್ಲಿ, ಸಿಲ್ಚರ್ ಗಾಡಿಯವರಿಗೆ ಒಂದು ಫೋನ್ ಹಾಕಿ, ಇಬ್ಬರು ಬರ್ತಾ ಇದ್ದಾರೆ ಎಂದು ಹೇಳಿ ಅಂದರು. ಆ ಹುಡುಗಿ ನಗುತ್ತಾ ತಲೆಯಾಡಿಸಿ ಮುಂದೆ ಹೋದಳು. ಇವರು ನನ್ನ ಕಡೆ ತಿರುಗಿ, "ಹೇಳಿವ್ನಿ, ಸುಮ್ಕೆ ಕೂತ್ಕೊ," ಅಂದರು. ಅವಳ ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ. ಆಗಲ್ಲ ಅನ್ನಲು ಎಷ್ಟು ಹೊತ್ತು ಬೇಕಿತ್ತು?

ಕಲ್ಕತ್ತಾದಲ್ಲಿ ಇಳಿದಾಗ ಸಿಲ್ಚರ್ ವಿಮಾನಕ್ಕೆ ಮುಕ್ಕಾಲು ಗಂಟೆ ಇತ್ತು. ಓಡಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಆದರೆ ಬ್ಯಾಗು ಬರಬೇಕಿತ್ತು. ಒಂದೇ ಟಿಕೆಟ್ ಆಗಿದ್ದರೆ ಬ್ಯಾಗು ತಾನಾಗಿಯೇ ಆ ವಿಮಾನಕ್ಕೆ ಹೋಗುತ್ತಿತ್ತಂತೆ. ಬೇರೆ ಬೇರೆಯಾದ್ದರಿಂದ ನಾವೇ ತೆಗೆದುಕೊಂಡು, ಹೊರಗೆ ಹೋಗಿ, ಮೇಲಿನ ಮಹಡಿ ಹತ್ತಿ, ಮತ್ತೆ ಕೊಡಬೇಕು. ಸುತ್ತುವ ಪಟ್ಟಿಯ ಮೇಲೆ ಊರಿನವರದೆಲ್ಲ ಬಂತು, ನಮ್ಮದು ಬರಲಿಲ್ಲ. ಬಿಟ್ಟು ಹೋಗೋಣ ಎಂದೆ. "ಕೂಸು ತಿಂತದೆ ಅಂತ ಎಂಟು ದಿನ ಕೂತು ತೊಕ್ಕು ಮಾಡಿದ್ದೀಯ, ಬುಟ್ಟೋದಾರಾ?" ಅಂದರು. ಅವರಿಗೆ ಸಿಲ್ಚರ್ ವಿಮಾನ ನಿಂತಿರುತ್ತದೆ ಎಂಬ ನಂಬಿಕೆ. ಅರ್ಧ ಗಂಟೆ ಹೋದ ಮೇಲೆ ಬ್ಯಾಗು ಬಂತು. ಆ ಅರ್ಧ ಗಂಟೆ ನಾನು ಅವರ ಮಾತು ಕೇಳಿ ನಿಂತೆನಲ್ಲ, ಆ ಸಿಟ್ಟು ಯಾರ ಮೇಲೂ ಅಲ್ಲ, ನನ್ನ ಮೇಲೆಯೇ.

ಮೇಲೆ ಹೋದಾಗ ಕೌಂಟರಿನಲ್ಲಿ ದೀಪ ಆರಿಸಿದ್ದರು. ಪಕ್ಕದ ಕೌಂಟರಿನವಳು ಗೇಟು ಮುಚ್ಚಿದೆ ಎಂದಳು. ವಿಮಾನ ಇನ್ನೂ ಹೊರಟಿಲ್ಲ, ಬೋರ್ಡಿನಲ್ಲಿ ಕಾಣುತ್ತಿದೆ ಎಂದೆ. ಹೊರಟಿಲ್ಲ, ಆದರೆ ಮುಚ್ಚಿದೆ ಎಂದಳು. ನಮ್ಮ ಹಿಂದಿನ ವಿಮಾನ ತಡ ಮಾಡಿದ್ದು ಎಂದೆವು. ಅದು ನಮಗೆ ಸಂಬಂಧವಿಲ್ಲ, ಅದು ಬೇರೆ ಟಿಕೆಟ್ ಎಂದಳು. ಮೊದಲ ಕಂಪನಿಯವರ ಹತ್ತಿರ ಓಡಿದೆವು. ನಿಮ್ಮನ್ನು ಕಲ್ಕತ್ತಾಕ್ಕೆ ತಂದು ಬಿಟ್ಟಿದ್ದೇವೆ, ಮುಂದಿನದು ನಮಗೆ ಗೊತ್ತಿಲ್ಲ ಎಂದರು. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾ, ಇಬ್ಬರೂ ಮೇಡಂ ಮೇಡಂ ಎನ್ನುತ್ತಾ, ಇಬ್ಬರೂ ನಮ್ಮನ್ನು ಕೈಬಿಟ್ಟರು.

ಯಜಮಾನರು ಚಾಮರಾಜನಗರದ ಅಂಗಡಿಯವನಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರು.

"ಟಿಕೆಟ್ ಕೆಳ್ಗಡೆ ಎಲ್ಲಾ ಬರ್ದಿರ್ತದೆ ಸಾರ್. ಓದ್ಕಬೇಕಿತ್ತು," ಎಂದ.

ನಾನು ಫೋನ್ ಕಿತ್ತುಕೊಂಡೆ. "ನೀನು ಓದಿದ್ದೆಯಲ್ಲಪ್ಪ," ಎಂದೆ. "ತೊಕ್ಕಿನ ಡಬ್ಬ ನೆನಪಿತ್ತು ನಿಂಗೆ, ಇದು ನೆನಪಾಗ್ಲಿಲ್ವಾ? ನಾವು ತೀರ್ಥಯಾತ್ರೆಗೆ ಹೊಂಟಿಲ್ಲ, ಈ ವಾರ ಆಗ್ದಿದ್ರೆ ಮುಂದಿನ ವಾರ ಅನ್ನಕ್ಕೆ. ನಾಳೆ ಬೆಳಿಗ್ಗೆ ಎಂಟು ಗಂಟೆಗೆ ನನ್ ಮಗಳ ಪರೇಡು."

ಅವನು ನೋಡ್ತೀನಿ ಅಮ್ಮ ಎಂದು ಇಟ್ಟ. ಮತ್ತೆ ಎತ್ತಲಿಲ್ಲ.

ಬಸ್ಸು, ರೈಲು ಎಲ್ಲ ವಿಚಾರಿಸಿದ್ದಾಯಿತು. ಬೆಳಿಗ್ಗೆಯೊಳಗೆ ಮುಟ್ಟುವುದು ಯಾವುದೂ ಇರಲಿಲ್ಲ. ಮಾರನೆಯ ದಿನದ ವಿಮಾನಕ್ಕೆ ಹೊಸದಾಗಿ ಟಿಕೆಟ್ ತೆಗೆದುಕೊಂಡೆವು. ಸಂಜೆ ತರಬೇತಿ ಕೇಂದ್ರದವರು ಮಕ್ಕಳ ಕೈಗೆ ಫೋನ್ ಕೊಡುವ ಹೊತ್ತಿನಲ್ಲಿ ಮಗಳಿಗೆ ವಿಷಯ ಹೇಳಿದೆ. ಊಟ ಮಾಡಿದಿರಾ ಎಂದು ಕೇಳಿದಳು. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

ಪರೇಡಿನ ಹೊತ್ತಿಗೆ ನಾವು ಕಲ್ಕತ್ತಾ ವಿಮಾನ ನಿಲ್ದಾಣದ ಕಬ್ಬಿಣದ ಕುರ್ಚಿಗಳ ಮೇಲಿದ್ದೆವು. ಎಂಟಾಯಿತು, ಎಂಟೂವರೆ, ಒಂಬತ್ತು. ಯಜಮಾನರು ಒಮ್ಮೆಗೇ, ಯಾರಿಗೆಂದಿಲ್ಲದೆ, "ನಿಂತಿತ್ತಲ್ಲ ಗಾಡಿ. ಕಣ್ಮುಂದೆ ನಿಂತಿತ್ತಲ್ಲ," ಅಂದರು. ಅವರ ಮೇಲೆ ಕೂಗಾಡಬೇಕೆಂದು ಇಡೀ ಬೆಳಿಗ್ಗೆ ಮಾತು ಜೋಡಿಸಿಕೊಂಡಿದ್ದೆ. ಅದನ್ನು ಕೇಳಿದ ಮೇಲೆ ಆಗಲಿಲ್ಲ. ಅವರ ಮೇಲಿನ ಸಿಟ್ಟನ್ನೂ ಸೇರಿಸಿ ಆ ಅಂಗಡಿಯವನ ಲೆಕ್ಕಕ್ಕೇ ಹಾಕಿದೆ.

ತರಬೇತಿ ಕೇಂದ್ರ ತಲುಪಿದಾಗ ಮಧ್ಯಾಹ್ನ ಮುಗಿಯುತ್ತಾ ಬಂದಿತ್ತು. ಮೈದಾನದಲ್ಲಿ ಶಾಮಿಯಾನ ಬಿಚ್ಚುತ್ತಿದ್ದರು. ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಪೇರಿಸಿ ಲಾರಿಗೆ ಹಾಕುತ್ತಿದ್ದರು. ಸುಣ್ಣದ ಗೆರೆಗಳು ತುಳಿದು ತುಳಿದು ಅಳಿಸಿಹೋಗಿದ್ದವು. ಮಗಳು ಸಮವಸ್ತ್ರ ಬಿಚ್ಚದೆ ಗೇಟಿನ ಬಳಿ ನಿಂತಿದ್ದಳು. ಸೊರಗಿದ್ದಳು, ಕಪ್ಪಾಗಿದ್ದಳು, ಬೆನ್ನು ಮಾತ್ರ ನೆಟ್ಟಗಿತ್ತು. ಬೆಳಿಗ್ಗೆ ಅವಳ ಟೋಪಿಯನ್ನು ಮಣಿಪುರದ ಒಬ್ಬ ಹುಡುಗಿಯ ತಾಯಿ ತಲೆಗಿಟ್ಟುಕೊಂಡರಂತೆ. ಇವಳು ಒಬ್ಬಳೇ ನಿಂತಿದ್ದು ನೋಡಿ ಅವರೇ ಬಂದು ತಲೆ ಬಗ್ಗಿಸಿದರಂತೆ. ಅದನ್ನವಳು ಸಂತೋಷದಿಂದಲೇ ಹೇಳಿದಳು. ಆ ತಾಯಿ ಚೆನ್ನಾಗಿರಲಿ. ಆದರೆ ಕೇಳುತ್ತಾ ನನ್ನ ಹಲ್ಲು ಹಲ್ಲು ಕಚ್ಚಿಕೊಂಡವು.

ಯಜಮಾನರು ಖಾಲಿ ಮೈದಾನ ನೋಡಿದರು. "ಒಂದ್ಸಲ ನಡ್ದು ತೋರ್ಸು ಕಣಮ್ಮಿ," ಅಂದರು. "ನಾನೂ ನಿಮ್ಮವ್ವನೂ ಇಲ್ಲೇ ನಿಂತ್ಕತೀವಿ."

ಅವಳು ಮೈದಾನದ ಕಡೆ ನೋಡಲಿಲ್ಲ. "ಅದು ಒಬ್ಳೇ ನಡೆಯದಲ್ಲ ಕಣಪ್ಪ," ಎಂದಳು. "ಪಕ್ಕದಲ್ಲಿ ಸಾಲಿರ್ಬೇಕು. ಅವ್ರೆಲ್ಲ ಊರಿಗ್ ಹೊಂಟೋದ್ರು."

ಇವರು ಮುಖ ತಿರುಗಿಸಿ ಬ್ಯಾಗಿನ ಜಿಪ್ಪು ಎಳೆಯತೊಡಗಿದರು. ಅದು ಸಿಕ್ಕಿಕೊಂಡಿತ್ತು. ಮಗಳು ಬಗ್ಗಿ ಬಿಡಿಸಿಕೊಟ್ಟಳು. ಕುರ್ಚಿ ತುಂಬಿದ ಲಾರಿ ನಮ್ಮ ಪಕ್ಕದಿಂದಲೇ ಗೇಟು ದಾಟಿ ಹೋಯಿತು.