ಮಿಸ್ ಮನೆ ಮೇಲಿನ ಟವರ್

ಮೊನ್ನೆ ಮಗನ ಡಬ್ಬಿಗೆ ಚಪಾತಿ ಸುತ್ತಲು ಫಾಯಿಲ್ ಎಳೆದೆ. ಆ ಚರಚರ ಸದ್ದಿಗೆ ಎದುರು ಮನೆಯ ಮಿಸ್ ನೆನಪಾದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಮಾರೇನಹಳ್ಳಿಯ ನಮ್ಮ ಬೀದಿಯ ಮಕ್ಕಳಿಗೆಲ್ಲ ಮನೆಯಲ್ಲೇ ಟ್ಯೂಷನ್ ಹೇಳುತ್ತಿದ್ದರು. ನಮಗೆಲ್ಲ ಅವರು ಬರೀ ‘ಮಿಸ್’.

ಹಾಡುತ್ತಿರುವ ಟ್ರಾನ್ಸಿಸ್ಟರಿಗೆ ಫಾಯಿಲ್ ಸುತ್ತಿ ತೋರಿಸುವುದು ಅವರ ಹಳೆಯ ಆಟ. ಪೂರ್ತಿ ಸುತ್ತಿದ ಕೂಡಲೇ ಹಾಡು ಹೋಗಿ ಬರೀ ಗೊರಗೊರ. ಮಕ್ಕಳು ಹೋ ಎನ್ನುತ್ತಿದ್ದರು. ರೇಡಿಯೊ ಅಲೆ, ಬೆಳಕು, ಎಕ್ಸ್‌ರೇ ಎಲ್ಲ ಒಂದೇ ಮನೆತನ, ಆದರೆ ಒಂದೊಂದರ ಕಸುವು ಬೇರೆ ಎನ್ನುತ್ತಿದ್ದರು. ಎಕ್ಸ್‌ರೇ ಮೈಯೊಳಗಿನ ಜೀವಕಣಗಳನ್ನು ಕೆಡಿಸಬಲ್ಲದು, ಅದಕ್ಕೇ ಆಸ್ಪತ್ರೆಯಲ್ಲಿ ಅಷ್ಟು ಎಚ್ಚರಿಕೆ. ರೇಡಿಯೊ ಅಲೆಗೆ ಆ ತಾಕತ್ತಿಲ್ಲ, ಹೆಚ್ಚೆಂದರೆ ಚೂರು ಬಿಸಿ ಮಾಡೀತು. ಮಗನನ್ನು ಕರೆಯಲು ಹೋದಾಗ ಬಾಗಿಲಲ್ಲಿ ನಿಂತು ನಾನೂ ಕೇಳಿಸಿಕೊಂಡಿದ್ದೇನೆ...

ಆ ಧೈರ್ಯದಲ್ಲೇ ತಮ್ಮ ಟೆರೇಸಿನ ಮೇಲೆ ಮೊಬೈಲ್ ಟವರಿಗೆ ಜಾಗ ಕೊಟ್ಟಿದ್ದರು. ಮೊದಮೊದಲು ಯಾರೂ ಚಕಾರ ಎತ್ತಲಿಲ್ಲ. ಸಿಗ್ನಲ್ ಚೆನ್ನಾಗಿದೆ ಎಂದು ಖುಷಿಯಾಗಿದ್ದೆವು. ಆಮೇಲೆ ಅವರ ಪಕ್ಕದ ಮನೆಯ ಪುಟ್ಟ ಹುಡುಗಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಬೀದಿಗೆ ಬೀದಿಯೇ ಟವರಿನ ಕಡೆ ಬೆರಳು ತೋರಿಸಿತು.

ಮಿಸ್ ಆಗ ಒಂದು ಎಡವಟ್ಟು ಮಾಡಿದರು. ಟ್ರಾನ್ಸಿಸ್ಟರು, ಫಾಯಿಲು ಹಿಡಿದುಕೊಂಡು ಆ ಹುಡುಗಿಯ ತಾಯಿಯ ಮುಂದೆ ಹೋಗಿ ಕೂತರು. ನಾನೂ ಅಲ್ಲೇ ಇದ್ದೆ. ಅರ್ಧ ಸುತ್ತುವಷ್ಟರಲ್ಲಿ ಆಕೆ, “ನನ್ ಮಗಳು ತಿಂದಿದ್ದೆಲ್ಲ ಕಕ್ತಾ ಇದಾಳೆ. ನೀವು ನಂಗೆ ಪಾಠ ಮಾಡೋಕ್ ಬಂದ್ರಾ ಮಿಸ್?” ಎಂದಳು. ಮಿಸ್ ಮುಖ ಬಿಳಿಚಿಕೊಂಡಿತು. ಫಾಯಿಲು ಮುದುಡಿಕೊಂಡು ಎದ್ದು ಬಂದರು.

ಆ ವರ್ಷ ವರಮಹಾಲಕ್ಷ್ಮಿ ಹಬ್ಬದಲ್ಲಿ ಅವರ ಮನೆಗೆ ಅರಿಶಿನ ಕುಂಕುಮಕ್ಕೆ ಹೋದವಳು ನಾನೊಬ್ಬಳೇ. ತಾಂಬೂಲ, ಬ್ಲೌಸ್ ಪೀಸ್ ಜೋಡಿಸಿದ ತಟ್ಟೆಗಳು ಇಟ್ಟಲ್ಲೇ ಇದ್ದವು.

“ಟವರ್ ತೆಗೆಸ್ಬಿಡ್ತೀನಿ ಕಣೇ,” ಎಂದರು.

ನನಗೆ ರೇಗಿತು. “ಅದ್ರಿಂದ ಏನೂ ಆಗಲ್ಲ ಅಂತ ನೀವೇ ಹೇಳ್ತೀರಾ. ಮತ್ಯಾಕ್ ಮಿಸ್?”

“ನಂಗೊತ್ತು. ಆದ್ರೆ ಆ ತಾಯಿ ದಿನಾ ಎದ್ದು ಅದನ್ನೇ ನೋಡ್ಬೇಕಲ್ಲ. ಪಾಪ, ಅಷ್ಟಾದ್ರೂ ನೆಮ್ಮದಿ ಸಿಗ್ಲಿ.”

ಟವರ್ ಇಳಿಯಿತು. ಮಿಸ್ ಮೇಲಿನ ಮುನಿಸೂ ಇಳಿದೀತು ಅಂದುಕೊಂಡಿದ್ದೆ. ಆದರೆ ಎಲ್ಲರ ಬಾಯಲ್ಲೂ ಒಂದೇ ಮಾತು: “ತಪ್ಪಿಲ್ದಿದ್ರೆ ಯಾಕ್ ತೆಗೆಸ್ತಿದ್ರು?” ಚಿಕಿತ್ಸೆ ಫಲಿಸಿ ಹುಡುಗಿ ಗುಣವಾದಳು. ಟವರ್ ಹೋಗಿದ್ದಕ್ಕೇ ಮಗು ಉಳಿಯಿತು ಎಂದರು. ಟ್ಯೂಷನ್ನಿಗೆ ಮಕ್ಕಳು ಬರುವುದೂ ನಿಂತುಹೋಯಿತು. ಸಂಜೆ ಹೊತ್ತು ಮಿಸ್ ಗೇಟಿಗೆ ಒರಗಿಕೊಂಡು ಸುಮ್ಮನೆ ನಿಂತಿರುತ್ತಿದ್ದರು.

ಒಮ್ಮೆ ನನಗೆ ಮಾತ್ರ ಹೇಳಿದ್ದರು: “ಟವರ್ ದೂರ ಆದಷ್ಟೂ ಫೋನು ಜೋರಾಗಿ ಕೂಗ್ಬೇಕು, ಅಂದ್ರೆ ಅಲೆ ಜಾಸ್ತಿ ಬಿಡ್ಬೇಕು ಕಣೇ. ಅದೂ ನಮ್ ಕಿವಿ ಪಕ್ಕದಲ್ಲೇ.” ಎಲ್ಲರಿಗೂ ಹೇಳಿ ಎಂದೆ. ಬೇಡ ಎಂದು ತಲೆಯಾಡಿಸಿದರು. ಪಾಠದ ಆಸೆಯೇ ಹೊರಟುಹೋಗಿತ್ತು. ಹೋದ ವರ್ಷ ತೀರಿಕೊಂಡರು.

ಈಗ ನಮ್ಮ ಬೀದಿಯಲ್ಲಿ ಫೋನಿನಲ್ಲಿ ಮಾತಾಡಬೇಕೆಂದರೆ ರಸ್ತೆಗೆ ಬರಬೇಕು. ನಿನ್ನೆ ಆ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದಳು. “ಇವಳ ಆನ್‌ಲೈನ್ ಕ್ಲಾಸಿಗೆ ನೆಟ್‌ವರ್ಕೇ ಸಿಗಲ್ಲ ಅಕ್ಕ. ಎಲ್ರೂ ಸೇರಿ ಕಂಪನಿಯವ್ರ ಹತ್ರ ಹೋಗಿ, ಇಲ್ಲೊಂದು ಟವರ್ ಹಾಕ್ಸಿ ಅಂತ ಕೇಳೋಣ. ನೀವೂ ಬನ್ನಿ.”

ಬಾಯಿಗೆ ಬಂದದ್ದನ್ನು ಅಂದುಬಿಡುತ್ತಿದ್ದೆ. ಆದರೆ ಹುಡುಗಿ ಪಕ್ಕದಲ್ಲೇ ನಗುತ್ತಾ ನಿಂತಿದ್ದಳು, ಗಟ್ಟಿಮುಟ್ಟಾಗಿ. “ಬರ್ತೀನಿ,” ಎಂದೆ. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ಮಿಸ್ ಇದ್ದಿದ್ದರೆ, ಆಕೆ ಬಾಯಿಬಿಟ್ಟು ಕೇಳುವ ಮೊದಲೇ ತಮ್ಮ ಟೆರೇಸನ್ನು ಮತ್ತೆ ಕೊಟ್ಟುಬಿಡುತ್ತಿದ್ದರು.