ಬ್ಯಾಟರಿ ಕಾಯುವ ಕೆಲಸ

ನಿಟ್ಟುವಳ್ಳಿಯ ನಮ್ಮ ಮನೆಗೆ ಸೋಲಾರ್ ಬ್ಯಾಟರಿ ಬಂದ ದಿನದಿಂದ ನಾನೊಬ್ಬ ದೊಡ್ಡ ಅಧಿಕಾರಿ. ಬಿಸಿಲೇರುವ ಮುಂಚೆ ಮಿಕ್ಸಿ ಹಾಕಬಾರದು, ಬ್ಯಾಟರಿ ತುಂಬುವವರೆಗೆ ಇಸ್ತ್ರಿ ಮುಟ್ಟಬಾರದು, ಚಾರ್ಜು ಕಾಲುಭಾಗಕ್ಕೆ ಇಳಿದರೆ ಫ್ಯಾನೂ ಬಂದ್. ಚಾರ್ಜಿನ ಅಂಕಿ ಮೊಬೈಲಿನಲ್ಲೇ ಕಾಣುವುದರಿಂದ ಊಟಕ್ಕೆ ಕೂತರೂ ಕಣ್ಣು ಅದರ ಮೇಲೆಯೇ. ಹೆಂಡತಿ ನನಗೆ ಕರೆಂಟ್ ಸಾಹೇಬ್ರು ಎಂದು ಹೆಸರಿಟ್ಟಿದ್ದಳು.

ಆ ದಿನ ಲೈನ್ ಕೆಲಸಕ್ಕೆಂದು ಬೆಳಗ್ಗೆಯೇ ಕರೆಂಟ್ ತೆಗೆದಿದ್ದರು. ಹೆಂಡತಿ ಎಂಬ್ರಾಯ್ಡರಿ ಮಷೀನಿನ ಮುಂದೆ ಕುಳಿತಿದ್ದಳು. ಹರಿಹರದ ಮದುಮಗಳ ರವಿಕೆ. ಬೆಳಗಾದರೆ ಮದುವೆ, ಸಂಜೆ ಹುಡುಗಿಯ ಅಣ್ಣ ಒಯ್ಯಲು ಬರುವವನಿದ್ದ. ಒಂದು ತೋಳಿನ ಕಸೂತಿ ಇನ್ನೂ ಬಾಕಿ. ಹೊರಗೆ ಬಿಸಿಲು ಚುರುಗುಡುತ್ತಿದ್ದರೂ ಚಾರ್ಜು ಏರುವ ಬದಲು ಇಳಿಯುತ್ತಿತ್ತು. ಫ್ಯಾನ್ ಆರಿಸಿದೆ, ಫ್ರಿಜ್ಜಿನ ವೈರ್ ಕಿತ್ತೆ, ಸೋಲಾರ್ ಹಾಕಿದವನನ್ನು ಬಾಯಿಗೆ ಬಂದಂತೆ ಬೈದೆ.

"ಬೈಯೋದು ಆಮೇಲೆ. ಮೊದ್ಲು ಮ್ಯಾಲೆ ಹೋಗಿ ನೋಡ್ಕಂಡ್ ಬರ್ರಿ," ಎಂದಳು ಹೆಂಡತಿ. "ಇದು ನಿಂತ್ರೆ ಆ ಹುಡುಗಿ ನಾಳೆ ಏನ್ ಹಾಕ್ಕಂತಾಳೆ?"

ತಾರಸಿಗೆ ಹೋದರೆ, ಸೋಲಾರ್ ಹಲಗೆಗಳ ಉದ್ದಕ್ಕೂ ಬಿಳಿ ಪಂಚೆಗಳು, ಪಂಚೆಗಳ ತುಂಬ ಅಕ್ಕಿ ಸಂಡಿಗೆ. ಪಕ್ಕದಲ್ಲಿ ಕೋಲು ಹಿಡಿದು ಕಾಗೆ ಓಡಿಸುತ್ತ ಅವ್ವ.

"ಇಲ್ಲಿ ಬಿಸ್ಲು ಚೆಂದ ಬೀಳ್ತೈತೆ ಕಣೋ," ಎಂದಳು ಹೆಮ್ಮೆಯಿಂದ.

ನನಗೆ ತಲೆ ಕೆಟ್ಟಿತು. "ಬ್ಯಾಟ್ರಿಗೆ ಹೋಗೋ ಬಿಸ್ಲನ್ನೆಲ್ಲ ನಿನ್ನ ಸಂಡಿಗೆ ತಿಂತಾ ಐತಲ್ಲವ್ವ! ಇಷ್ಟು ವರ್ಷ ನೆಲದ ಮ್ಯಾಲೇ ಹಾಕ್ತಿದ್ದೆ, ಈಗೇನಾತು?"

"ಬಗ್ಗಕ್ಕೆ ಆಗಲ್ಲಪ್ಪ, ಮಂಡಿ ಹಿಡ್ಕಂತಾವೆ. ಇದಾದ್ರೆ ನಿಂತ್ಕಂಡೇ ಹಾಕಬೌದು."

ಕೆಳಗಿನಿಂದ ಮಡಚುವ ಮಂಚ ಹೊತ್ತು ತಂದೆ. ಇಬ್ಬರೂ ತುದಿ ಹಿಡಿದು ಪಂಚೆಗಳನ್ನು ಒಂದೊಂದಾಗಿ ಅದರ ಮೇಲೆ ಇಳಿಸಿದೆವು; ಉದುರಿದ ಸಂಡಿಗೆಗೆಲ್ಲ ನನಗೇ ಬೈಗುಳ. ಚಾರ್ಜು ಏರತೊಡಗಿತು, ಮಷೀನು ನಿಲ್ಲಲಿಲ್ಲ. ಸಂಜೆ ಬಂದ ಅಣ್ಣ ರವಿಕೆಯ ಪೊಟ್ಟಣ ಹಿಡಿದು ಹರಿಹರದ ದಾರಿ ಹಿಡಿದ.

ಅವನನ್ನು ಕಳಿಸಿ ಒಳಗೆ ಬಂದಾಗ ಅವ್ವ ಮೆಟ್ಟಿಲಿಳಿಯುತ್ತಿದ್ದಳು. ಗೋಡೆ ಹಿಡಿದು ಒಂದು ಮೆಟ್ಟಿಲು, ನಿಂತು ಉಸಿರು ಬಿಟ್ಟು ಇನ್ನೊಂದು. ಕೈ ಕೊಡಬೇಕೆಂಬುದೂ ಹೊಳೆಯದೆ ನೋಡುತ್ತ ನಿಂತುಬಿಟ್ಟೆ.

"ಏನೋ ಹಂಗೆ ನೋಡ್ತೀಯ?" ಎಂದಳು ಅವ್ವ. "ನಾನೇನು ನಿನ್ನ ಬ್ಯಾಟ್ರಿನಾ?"